ಎರಡನೇ ಪ್ರಾಶಸ್ತ್ಯದ ಗೆಲುವು: 1969ರ ರಾಷ್ಟ್ರಪತಿ ಚುನಾವಣೆ ಮತ್ತು ಮೈಸೂರು ರಾಜ್ಯ

ರಾಷ್ಟ್ರಪತಿ ಝಾಕಿರ್ ಹುಸೇನ್ 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉತ್ತರಾಧಿಕಾರಿಯ ಆಯ್ಕೆಗೆ ಕಾಂಗ್ರೆಸ್ ನಾಯಕರು ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದರು. ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ ರಾಮ್ ಅವರ ಹೆಸರು ಮುಂದಿಟ್ಟರು. ಪಕ್ಷದ ಹಿರಿಯ ನಾಯಕರ 'ಸಿಂಡಿಕೇಟ್' ಬಣ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಸಹಿಯನ್ನೂ ಹಾಕಿದರು. ಆದರೆ ಹಿಂದೆ ಮೈಸೂರಿನ ರಾಜ್ಯಪಾಲರಾಗಿದ್ದು ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಸ್ವತಂತ್ರ ಅಭ್ಯರ್ಥಿಯಾಗಿ ಕಣಕ್ಕಿಳಿದರು.

ಜುಲೈ 19ರ 14 ಬ್ಯಾಂಕುಗಳ ರಾಷ್ಟ್ರೀಕರಣವೇ ಗಿರಿಯವರನ್ನು ಗೆಲ್ಲಿಸಿತು ಎಂಬ ಮಾತು ರೂಢಿಯಲ್ಲಿದೆ. ಅದು ವಾತಾವರಣವನ್ನು ಬದಲಿಸಿದ್ದು ನಿಜ. ಆದರೆ ಇಲ್ಲಿ ಮತ ಹಾಕುವವರು ಜನರಲ್ಲ, ಸಂಸದರು ಮತ್ತು ಶಾಸಕರು. ಅವರ ನಿಷ್ಠೆ ಕದಲಿದ್ದಕ್ಕೆ ಕಾರಣ ಬೇರೆ. ರೆಡ್ಡಿಯವರಿಗೆ ಎರಡನೇ ಪ್ರಾಶಸ್ತ್ಯದ ಮತ ದೊರಕಿಸಲು ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ಮುಖಂಡರೊಂದಿಗೆ ಮಾತುಕತೆ ನಡೆಸಿದರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್. ಈ ಮಾತುಕತೆಯನ್ನೇ ಹಿಡಿದು ಇಂದಿರಾ ಬಣ ವಿಪ್ ಹೊರಡಿಸಲು ನಿರಾಕರಿಸಿತು, 'ಆತ್ಮಸಾಕ್ಷಿಯ ಮತ'ಕ್ಕೆ ಕರೆ ಕೊಟ್ಟಿತು.

ಅಂಕಿಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಮತದಾನ ಆಗಸ್ಟ್ 16ರಂದು, ಎಣಿಕೆ 20ರಂದು ನಡೆಯಿತು. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್ ಅವರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಯಾರಿಗೂ ಅಷ್ಟು ಬಾರದ್ದರಿಂದ ಉಳಿದವರ ಮತಗಳು ಮುಂದಿನ ಪ್ರಾಶಸ್ತ್ಯದಂತೆ ಹಂಚಿಹೋದಾಗ ಗಿರಿಗೆ ಸೇರಿದ್ದು 18,562 ಮಾತ್ರ, ರೆಡ್ಡಿಗೆ 91,879. ಅಂದರೆ ನಿಜಲಿಂಗಪ್ಪನವರ ಲೆಕ್ಕಾಚಾರ ಹೊರಗಡೆ ಫಲಿಸಿತ್ತು, ಕೈಕೊಟ್ಟದ್ದು ಅವರದೇ ಪಕ್ಷ. ಕೊನೆಯ ಅಂತರ 14,650. ಒಬ್ಬ ಸಂಸದನ ಮತದ ಮೌಲ್ಯ 576 ಇದ್ದುದರಿಂದ, 13 ಸಂಸದರು ಈ ಕಡೆಯಿಂದ ಆ ಕಡೆಗೆ ವಾಲಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಪ್ರಾಮಾಣಿಕ ಹಿರಿಯನೊಬ್ಬ ಪಕ್ಷದ ಶಿಸ್ತನ್ನು ಉಳಿಸಲು ಹೋಗಿ ಸೋತ ಪ್ರಸಂಗವಿದು ಎಂದೇ ನಾನು ಓದುತ್ತೇನೆ.

ಗೆದ್ದ ಮೇಲೆ ಗಿರಿಯವರಿಗೂ ನೆಮ್ಮದಿ ಸಿಗಲಿಲ್ಲ. ಆಯ್ಕೆಯನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆಯಲ್ಲಿ ಅವರು ಸ್ವತಃ ಸುಪ್ರೀಂ ಕೋರ್ಟ್‌ ಮುಂದೆ ಸಾಕ್ಷಿ ನುಡಿದರು; ಅರ್ಜಿ ವಜಾ ಆಯಿತು. ಹೆಚ್ಚಿನ ಪರಿಣಾಮ ಆದದ್ದು ಪಕ್ಷದ ಮೇಲೆ. ನವೆಂಬರ್ 12ರಂದು ಪ್ರಧಾನಿಯನ್ನೇ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಒಡೆಯಿತು. ಮೈಸೂರಿನಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರು ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್‌ನಲ್ಲಿ ಉಳಿದರು, ದೇವರಾಜ ಅರಸು ಇಂದಿರಾ ಅವರ ಆಡಳಿತ ಕಾಂಗ್ರೆಸ್‌ ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಅರಸು ಬಣದ ಪಾಲಾದವು, ಪಾಟೀಲರ ಸರ್ಕಾರ ಬಿತ್ತು. ಮರುವರ್ಷ ಅರಸು ಮುಖ್ಯಮಂತ್ರಿಯಾದರು. ಅರಸು ಯುಗದ ಚರಿತ್ರೆಯನ್ನು 1972ರಿಂದ ಆರಂಭಿಸುವ ರೂಢಿ ಸರಿಯಲ್ಲ. ಅದನ್ನು 1969ರ ಆಗಸ್ಟ್ 20ರಿಂದಲೇ ಬರೆಯಬೇಕು.