ಕೌಸಾನಿಯ ಶಾಲೆ ಮತ್ತು ಸರಳಾ ಬೆಹೆನ್

ಪರದೇಶದಿಂದ ಬಂದು ಮಕ್ಕಳ ಸೇವೆಗೆ ನಿಂತವರ ಚರಿತ್ರೆಯನ್ನು ಬರೆಯುವಾಗ ನಾವು ಸಾಮಾನ್ಯವಾಗಿ ಅವರು ಕಟ್ಟಿಸಿದ ಕಟ್ಟಡಗಳನ್ನೂ ಸ್ಥಾಪಿಸಿದ ಸಂಸ್ಥೆಗಳನ್ನೂ ಎಣಿಸುತ್ತೇವೆ. ಅವರು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದರು, ಯಾವ ಮಾತಿನಲ್ಲಿ ಮಕ್ಕಳನ್ನು ಕರೆಯುತ್ತಿದ್ದರು, ಆ ಮಕ್ಕಳ ಮನೆಯ ಕೆಲಸಬೊಗಸೆಗಳನ್ನು ಗೌರವದಿಂದ ಕಂಡರೋ ಕನಿಕರದಿಂದ ಕಂಡರೋ ಎಂಬುದನ್ನು ವಿಚಾರಿಸುವುದು ಅಪರೂಪ. ಅಧ್ಯಾಪಕರಾದ ನಮಗಾದರೋ ಈ ಎರಡನೆಯ ವಿಚಾರವೇ ಮುಖ್ಯವಾದುದು. ಕಟ್ಟಡ ಕಟ್ಟಿಸುವ ಶಕ್ತಿ ನಮ್ಮಲ್ಲಿ ಬಹು ಮಂದಿಗೆ ಇಲ್ಲ. ದಿನಚರಿಯೊಂದು ಎಲ್ಲರಿಗೂ ಇದ್ದೇ ಇದೆ. ಈ ದೃಷ್ಟಿಯಿಂದ ಹಿಮಾಲಯದ ಕುಮಾವೂಂ ಸೀಮೆಯ ಕೌಸಾನಿಯಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ನಡೆಸಿದ ಸರಳಾ ಬೆಹೆನ್ ಅವರ ಜೀವನವನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಅವರ ಹುಟ್ಟುಹೆಸರು ಕ್ಯಾಥರೀನ್ ಮೇರಿ ಹೈಲ್ಮನ್. ೧೯೦೧ರಲ್ಲಿ ಲಂಡನ್ ನಗರದಲ್ಲಿ ಜನಿಸಿದರು. ತಾಯಿ ಇಂಗ್ಲಿಷರು, ತಂದೆಯ ಮೂಲ ಜರ್ಮನ್ ನುಡಿಯಾಡುವ ನಾಡು. ೧೯೧೪ರಲ್ಲಿ ಮೊದಲನೆಯ ಮಹಾಯುದ್ಧ ಪ್ರಾರಂಭವಾಗುತ್ತಲೇ ಈ ಮೂಲವೇ ಅಪರಾಧವಾಯಿತು. ತಂದೆಯನ್ನು ಶತ್ರುದೇಶೀಯನೆಂದು ಬಂಧನದಲ್ಲಿ ಇಟ್ಟರು. ನಿನ್ನೆಯವರೆಗೆ ಎಲ್ಲರಂತೆ ಇದ್ದ ಬಾಲಕಿ ಶಾಲೆಯಲ್ಲಿ ಏಕಾಕಿಯಾದಳು. ಸಿಗಬೇಕಾಗಿದ್ದ ವಿದ್ಯಾರ್ಥಿವೇತನವೂ ಕೈತಪ್ಪಿತು. ಓದು ಬೇಗ ನಿಂತು ಗುಮಾಸ್ತೆಯ ಕೆಲಸ ಹಿಡಿಯಬೇಕಾಯಿತು. ಹುಟ್ಟಿದ ಊರಿನ ಶಾಲೆಯಲ್ಲೇ ಪರಕೀಯಳಾಗುವುದೆಂದರೆ ಏನೆಂಬುದನ್ನು ಆಕೆ ಪುಸ್ತಕದಿಂದ ಕಲಿಯಲಿಲ್ಲ ಎಂಬ ಮಾತನ್ನು ವಾಚಕರು ಮುಂದಕ್ಕೂ ನೆನಪಿನಲ್ಲಿಡಬೇಕು.

೧೯೨೦ರ ದಶಕದಲ್ಲಿ ಲಂಡನ್ನಿನ ವಸತಿಗೃಹವೊಂದರಲ್ಲಿ ಭಾರತೀಯ ವಿದ್ಯಾರ್ಥಿಗಳ ಪರಿಚಯವಾಯಿತು. ಗಾಂಧೀಜಿಯವರ ವಿಚಾರಗಳನ್ನು ಅವರು ಕೇಳಿದ್ದು ಈ ವಿದ್ಯಾರ್ಥಿಗಳ ಬಾಯಿಂದ. ೧೯೩೨ರ ಜನವರಿಯಲ್ಲಿ ಭಾರತಕ್ಕೆ ಹೊರಟರು. ಮತ್ತೆ ತಾಯ್ನಾಡಿಗೆ ಮರಳಲಿಲ್ಲ. ಮೊದಲು ಉದಯಪುರದ ಶಾಲೆಯೊಂದರಲ್ಲಿ ಕೆಲವು ಕಾಲ ದುಡಿದು, ಬಳಿಕ ವಾರ್ಧಾ ಸೀಮೆಯ ಗಾಂಧೀಜಿಯವರ ಸನ್ನಿಧಿಗೆ ಬಂದರು. ‘ಸರಳಾ’ ಎಂಬ ಹೆಸರು ಗಾಂಧೀಜಿ ಇಟ್ಟದ್ದು.

ಆ ವರ್ಷಗಳಲ್ಲಿ ಸೇವಾಗ್ರಾಮವು ನಮ್ಮ ದೇಶದ ಶಿಕ್ಷಣ ಚರಿತ್ರೆಯಲ್ಲಿ ಮಹತ್ವದ ಪ್ರಯೋಗವೊಂದರ ನೆಲೆಯಾಗಿತ್ತು. ೧೯೩೭ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಪರಿಷತ್ತು, ಅದರ ಬೆನ್ನಿಗೆ ಡಾಕ್ಟರ್ ಜಾಕಿರ್ ಹುಸೇನರ ಸಮಿತಿ, ಇವು ನಯೀ ತಾಲೀಮ್ ಅಥವಾ ಮೂಲಶಿಕ್ಷಣದ ರೂಪರೇಖೆಯನ್ನು ನಿರ್ಮಿಸಿದವು. ಅದರ ಸಾರ ಮೂರು ಮಾತುಗಳಲ್ಲಿ ಅಡಗಿದೆ: ಏಳು ವರ್ಷಗಳ ಉಚಿತ ಹಾಗೂ ಕಡ್ಡಾಯ ಶಿಕ್ಷಣ, ಮಾತೃಭಾಷೆಯೇ ಮಾಧ್ಯಮ, ಉಪಯುಕ್ತವಾದ ಒಂದು ಕೈಕಸುಬೇ ಸಮಸ್ತ ಪಾಠಗಳ ನಡುಗಂಬ. ತಕಲಿಯಲ್ಲಿ ನೂತ ನೂಲಿನ ಎಳೆಗಳನ್ನು ಎಣಿಸುವಾಗ ಗಣಿತ ಬರಬೇಕು. ಹತ್ತಿ ಯಾವ ಮಣ್ಣಿನಲ್ಲಿ ಬೆಳೆಯುತ್ತದೆಂದು ಕೇಳುವಾಗ ಭೂಗೋಳ ಬರಬೇಕು. ಬಟ್ಟೆಯ ವ್ಯಾಪಾರವನ್ನು ಕುರಿತು ಮಾತನಾಡುವಾಗ ಇತಿಹಾಸ ಬರಬೇಕು. ಸರಳಾ ಬೆಹೆನ್ ಈ ಪ್ರಯೋಗದಲ್ಲಿ ಬೆರೆತು ಶಿಕ್ಷಕಿಯಾಗಿ ರೂಪುಗೊಂಡರು. ಆದರೆ ಅಲ್ಲಿನ ಉರಿಬಿಸಿಲೂ ಮರಮರಳಿ ಕಾಡಿದ ಮಲೇರಿಯವೂ ಅವರ ಆರೋಗ್ಯವನ್ನು ಕೆಡಿಸಿದವು. ಹೀಗಾಗಿ ೧೯೪೦ರ ದಶಕದ ಆರಂಭದಲ್ಲಿ ತಂಪು ಹವೆಯನ್ನರಸಿ ಅಲ್ಮೋಡಾ ಜಿಲ್ಲೆಗೆ ಸೇರಿದ್ದ ಕೌಸಾನಿಗೆ ಬಂದರು. ೧೯೨೯ರಲ್ಲಿ ಗಾಂಧೀಜಿಯವರು ತಂಗಿ ಗೀತೆಯ ಮೇಲಿನ ‘ಅನಾಸಕ್ತಿಯೋಗ’ದ ಕೆಲಸವನ್ನು ಮುಗಿಸಿದ ಊರು ಇದೇ.

ಕೌಸಾನಿಯ ಹಿಮಶಿಖರಗಳ ಸೊಬಗನ್ನು ವರ್ಣಿಸಿದವರು ಬಹಳ ಮಂದಿ. ಸರಳಾ ಬೆಹೆನ್ನರ ಕಣ್ಣಿಗೆ ಶಿಖರಗಳಿಗಿಂತ ಮೊದಲು ಕಾಣಿಸಿದ್ದು ಇಳಿಜಾರಿನ ಕಾಲುದಾರಿಯಲ್ಲಿ ಹೊರೆ ಹೊತ್ತು ನಡೆಯುವ ಹೆಂಗಸರು. ಆ ಸೀಮೆಯಲ್ಲಿ ಗಂಡಸರು ಸೈನ್ಯಕ್ಕೋ ಬಯಲುನಾಡಿನ ಕೂಲಿಚಾಕರಿಗೋ ಹೋಗಿಬಿಡುತ್ತಿದ್ದರು. ಮೆಟ್ಟಿಲು ಮೆಟ್ಟಿಲಾದ ಗದ್ದೆಗಳ ಕೆಲಸ, ಕಾಡಿನಿಂದ ಹುಲ್ಲು ಸೌದೆ ತರುವುದು, ಚಿಲುಮೆಯಿಂದ ನೀರು ಹೊರುವುದು, ದನ ನೋಡುವುದು, ಎಲ್ಲವೂ ಹೆಣ್ಣಿನ ಪಾಲು. ಅಲ್ಲಿಯವರು ಮಂಡುವಾ ಎಂದು ಕರೆದು ರೊಟ್ಟಿ ತಟ್ಟುವ ಧಾನ್ಯವು ನಮ್ಮ ರಾಗಿಯೇ. ರಾಗಿಯನ್ನು ಬಿತ್ತಿ, ಕೊಯ್ದು, ಬೀಸುವ ದುಡಿಮೆ ಎಷ್ಟೆಂಬುದನ್ನು ಹೊಸೂರು, ಮಡಕಶಿರಾ ಕಡೆಯ ನಮ್ಮ ಬಂಧುಗಳಿಗೆ ವಿವರಿಸಬೇಕಾಗಿಲ್ಲ. ತಾಯಿ ಹೊಲಕ್ಕೆ ಹೋದರೆ ಕಿರಿಯ ಮಗುವನ್ನು ಎತ್ತಿಕೊಳ್ಳುವವಳು ಎಂಟು ಹತ್ತು ವರ್ಷದ ಅಕ್ಕ. ಇಂಥ ಮನೆಯಿಂದ ಹುಡುಗಿಯನ್ನು ಶಾಲೆಗೆ ಕಳುಹಿಸುವುದೆಂದರೆ ದುಡಿಯುವ ಎರಡು ಕೈಗಳನ್ನು ಕಳುಹಿಸಿದಂತೆಯೇ ಸರಿ.

ಶಾಲೆಯ ಯೋಚನೆ ಕೈಗೂಡುವ ಮುನ್ನ ೧೯೪೨ರ ಚಳವಳಿ ಬಂದಿತು. ಕುಮಾವೂಂ ಈ ವಿಷಯದಲ್ಲಿ ಹಿಂದೆ ಬಿದ್ದ ನಾಡಲ್ಲ. ೧೯೨೧ರಲ್ಲಿ ಬಾಗೇಶ್ವರದ ಜಾತ್ರೆಯಲ್ಲಿ ಸೇರಿದ ಜನ ಬಿಟ್ಟಿ ಕೂಲಿಯ ದಫ್ತರಗಳನ್ನು ಸರಯೂ ನದಿಗೆ ಎಸೆದು ಆ ಪದ್ಧತಿಯನ್ನೇ ಮುರಿದಿದ್ದರು. ೧೯೪೨ರಲ್ಲಿ ಗಂಡಸರು ಸೆರೆಮನೆ ಸೇರಿದ ಮೇಲೆ ಅವರ ಮನೆಗಳು ಕಷ್ಟಕ್ಕೆ ಸಿಕ್ಕವು. ಸರಳಾ ಬೆಹೆನ್ ಹಳ್ಳಿಯಿಂದ ಹಳ್ಳಿಗೆ ನಡೆದು ಆ ಕುಟುಂಬಗಳಿಗೆ ನೆರವಾದರು. ನೆಲೆಯನ್ನು ಬಿಟ್ಟು ಹೋಗಕೂಡದೆಂಬ ಸರ್ಕಾರದ ಆಜ್ಞೆಯನ್ನು ಮೀರಿದುದಕ್ಕಾಗಿ ಎರಡು ಬಾರಿ ಸೆರೆಗೆ ಹೋದರು. ಅಲ್ಮೋಡಾ ಮತ್ತು ಲಖನೌ ಸೆರೆಮನೆಗಳಲ್ಲಿ ಕಳೆದ ಕಾಲ ಸುಮಾರು ಎರಡು ವರ್ಷ. ತನ್ನ ಹುಟ್ಟುನಾಡಿನವರೇ ನಡೆಸುತ್ತಿದ್ದ ಸರ್ಕಾರ ತನ್ನನ್ನು ಬಂಧಿಸಿತೆಂಬುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡೀತು. ಆದರೆ ಹಳ್ಳಿಯ ತಾಯಂದಿರು ಮುಂದೆ ಮಗಳನ್ನು ನಂಬಿ ಒಪ್ಪಿಸಿದ್ದು ಈ ಕಾಲ್ನಡಿಗೆಯ ಪರಿಚಯದ ಬಲದಿಂದಲೇ ಎಂದು ನಾವು ಭಾವಿಸುತ್ತೇವೆ.

೧೯೪೬ರಲ್ಲಿ ಕಸ್ತೂರ್ಬಾ ಮಹಿಳಾ ಉತ್ಥಾನ ಮಂಡಲ ಸ್ಥಾಪಿತವಾಯಿತು. ಮನೆ ಜಾಗಗಳನ್ನು ದಾನವಾಗಿ ಕೊಟ್ಟವರ ಪತ್ನಿಯ ಹೆಸರಿನಿಂದ ಅದು ಲಕ್ಷ್ಮೀ ಆಶ್ರಮವೆಂದು ಪ್ರಸಿದ್ಧವಾಯಿತು. ಪ್ರಾರಂಭದಲ್ಲಿ ಅಲ್ಲಿದ್ದ ವಿದ್ಯಾರ್ಥಿನಿಯರು ಕೇವಲ ಮೂವರು.

ಆಶ್ರಮದ ದಿನಚರಿಯಲ್ಲಿ ಸೇವಾಗ್ರಾಮದ ಕ್ರಮ ಒಂದೆಡೆ, ಕುಮಾವೂಂ ಮನೆಯ ಕ್ರಮ ಇನ್ನೊಂದೆಡೆ ಕೂಡಿಕೊಂಡಿದ್ದವು. ನಸುಕಿನಲ್ಲಿ ಏಳುವುದು, ಸರ್ವಧರ್ಮ ಪ್ರಾರ್ಥನೆ, ಅಂಗಳ ಹಾಗೂ ಕಕ್ಕಸುಗಳನ್ನು ತಾವೇ ಶುಚಿಗೊಳಿಸುವುದು, ಸರದಿಯಂತೆ ಅಡುಗೆ, ಕೊಟ್ಟಿಗೆಯ ಕೆಲಸ, ತರಕಾರಿ ತೋಟ, ಹುಲ್ಲು ಸೌದೆ, ನೂಲುವುದು, ಇವುಗಳ ನಡುವೆ ಓದು, ಬರಹ, ಲೆಕ್ಕ. ಆಳುಗಳೆಂಬುವರು ಇರಲಿಲ್ಲ. ಶಿಕ್ಷಕಿಯರಿಗೂ ಹುಡುಗಿಯರಿಗೂ ಕೆಲಸದಲ್ಲಿ ಭೇದವಿರಲಿಲ್ಲ. ಲಂಡನ್ನಿನಲ್ಲಿ ಲೇಖನಿ ಹಿಡಿದು ದುಡಿದ ಹೆಂಗಸು ಇಲ್ಲಿ ಕುಡುಗೋಲು ಹಿಡಿಯಬೇಕಾಗಿತ್ತು. ಹತ್ತು ವರ್ಷದ ಹುಡುಗಿಗೆ ಮನೆಯಲ್ಲೇ ರೂಢಿಯಾಗಿದ್ದ ಕೆಲಸ ಶಿಕ್ಷಕಿಗೆ ಹೊಸದು.

ಇಲ್ಲಿಯೇ ಆ ಶಾಲೆಯ ಮರ್ಮ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ. ಬೇರೆ ಶಾಲೆಗಳಲ್ಲಿ ಹುಡುಗಿ ಒಳಗೆ ಕಾಲಿಟ್ಟೊಡನೆ ಅವಳ ಅರಿವೆಲ್ಲ ಬೆಲೆಯಿಲ್ಲದ್ದಾಗುತ್ತದೆ. ಯಾವ ಸೊಪ್ಪು ದನಕ್ಕೆ ಒಳ್ಳೆಯದು, ಯಾವ ಕಾಡಿನ ಬುಡದಲ್ಲಿ ನೀರು ಬತ್ತುವುದಿಲ್ಲ, ಯಾವ ಮೋಡ ಮಳೆ ತರುತ್ತದೆ ಎಂಬುದನ್ನು ಬಲ್ಲ ಮಗುವನ್ನು ಏನೂ ತಿಳಿಯದವಳೆಂದು ಮೊದಲ ಸಾಲಿನಲ್ಲೋ ಕೊನೆಯ ಸಾಲಿನಲ್ಲೋ ಕೂರಿಸುತ್ತಾರೆ. ಕೌಸಾನಿಯಲ್ಲಿ ಆ ಅರಿವೇ ಪಾಠದ ಆದಿ. ಬಾಂಜ್ ಎಂಬ ಓಕ್ ಜಾತಿಯ ಮರ ನೆಲದಲ್ಲಿ ನೀರನ್ನು ಹಿಡಿದಿಡುತ್ತದೆ, ದನಕ್ಕೆ ಸೊಪ್ಪನ್ನೂ ಗದ್ದೆಗೆ ಗೊಬ್ಬರವನ್ನೂ ಕೊಡುತ್ತದೆ. ಬ್ರಿಟಿಷರ ಅರಣ್ಯ ಇಲಾಖೆ ರಾಳಕ್ಕಾಗಿಯೂ ಮೋಪಿಗಾಗಿಯೂ ಬೆಳೆಸಿದ ಚೀಡ್ ಎಂಬ ಪೈನ್ ಮರದಿಂದ ಹೆಂಗಸರಿಗೆ ಈ ಉಪಕಾರಗಳಿಲ್ಲ. ಇದು ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ, ಮೂರೂ ಹೌದು; ಹುಲ್ಲಿಗೆ ಹೋಗುವ ಹುಡುಗಿಯ ಬೆನ್ನಿನ ನೋವೂ ಹೌದು. ಹೊರಗಿನಿಂದ ಬಂದ ಶಿಕ್ಷಕಿ ಈ ವಿಷಯದಲ್ಲಿ ಮೊದಲು ಶಿಷ್ಯೆಯಾಗದೆ ಗತ್ಯಂತರವಿರಲಿಲ್ಲ.

ಭಾಷೆಯ ಮಾತೂ ಹೀಗೆಯೇ. ಅವರು ಹಿಂದಿಯನ್ನು ಕೇವಲ ವ್ಯವಹಾರಕ್ಕೆ ಸಾಕಾಗುವಷ್ಟು ಕಲಿತು ನಿಲ್ಲಿಸಲಿಲ್ಲ. ತಮ್ಮ ಆತ್ಮಕಥೆಯನ್ನೇ ‘ವ್ಯಾವಹಾರಿಕ ವೇದಾಂತ’ ಎಂಬ ಹೆಸರಿನಿಂದ ಹಿಂದಿಯಲ್ಲಿ ಬರೆದರು. ಇಂಥವರು ಅವರೊಬ್ಬರೇ ಅಲ್ಲ. ನೀಲಗಿರಿಯ ಕೋಟಗಿರಿಯಲ್ಲಿ ಬಹುಕಾಲ ನೆಲೆಸಿದ್ದ ಮಾರ್ಜರಿ ಸೈಕ್ಸ್ ಅವರನ್ನು ಬಡಗರ ನಾಡಿನ ನಮ್ಮ ವಾಚಕರು ಬಲ್ಲರು. ೧೯೨೮ರಲ್ಲಿ ಮದರಾಸಿನ ಬಾಲಿಕಾ ಶಾಲೆಯೊಂದಕ್ಕೆ ಅಧ್ಯಾಪಿಕೆಯಾಗಿ ಬಂದ ಈ ಆಂಗ್ಲ ಮಹಿಳೆ ತಮಿಳನ್ನು ಕಲಿತರು. ಶಾಂತಿನಿಕೇತನಕ್ಕೆ ಹೋದ ಮೇಲೆ ಬಂಗಾಳಿಯನ್ನು ಕಲಿತು ರವೀಂದ್ರರ ಕೃತಿಗಳನ್ನು ಅನುವಾದಿಸಿದರು. ೧೯೫೦ರ ದಶಕದಲ್ಲಿ ಸೇವಾಗ್ರಾಮದಲ್ಲಿ ಮೂಲಶಿಕ್ಷಣದ ಅಧ್ಯಾಪಕರನ್ನು ತರಬೇತುಗೊಳಿಸಿದರು. ಮಕ್ಕಳ ಬಳಿಗೆ ಬರುವವರು ಮಕ್ಕಳ ಮಾತಿನ ಮೂಲಕವೇ ಬರಬೇಕೆಂಬುದನ್ನು ಇವರಿಬ್ಬರೂ ಉಪದೇಶಿಸದೆ ನಡೆದು ತೋರಿಸಿದರು.

ಆದರೆ ಚರಿತ್ರೆಯನ್ನು ಬರೆಯುವವರು ಸ್ತೋತ್ರದಲ್ಲಿಯೇ ತೃಪ್ತರಾಗಬಾರದು. ಮೂಲಶಿಕ್ಷಣಕ್ಕೆ ದೇಶದ ಅನೇಕ ಕಡೆಗಳಲ್ಲಿ ಹಳ್ಳಿಗರಿಂದಲೇ ಬಂದ ಆಕ್ಷೇಪವೊಂದುಂಟು: ಪಟ್ಟಣದ ಮಕ್ಕಳಿಗೆ ಪುಸ್ತಕ, ನಮ್ಮ ಮಕ್ಕಳಿಗೆ ತಕಲಿಯೇ? ಹೊಲದ ಕೆಲಸ ಕಲಿಯಲು ಶಾಲೆಯೇಕೆ? ಈ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಒಂದೇ ದೇಶದಲ್ಲಿ ಎರಡು ಬಗೆಯ ಶಾಲೆಗಳಿದ್ದು, ಉದ್ಯೋಗವೂ ಅಧಿಕಾರವೂ ಒಂದರ ಪಾಲಿಗೆ ಮಾತ್ರ ಹೋಗುವುದಾದರೆ, ತಂದೆತಾಯಿಗಳು ಆ ಒಂದನ್ನೇ ಬಯಸುವುದು ಸಹಜ. ೧೯೬೬ರಲ್ಲಿ ವರದಿ ಒಪ್ಪಿಸಿದ ಕೊಠಾರಿ ಆಯೋಗವು ‘ಕಾರ್ಯಾನುಭವ’ ಎಂಬ ಹೆಸರಿನಲ್ಲಿ ಇದರ ಅಂಶವನ್ನು ಉಳಿಸಿಕೊಂಡಿತಾದರೂ, ಮೂಲಶಿಕ್ಷಣವೆಂಬ ದೊಡ್ಡ ಪ್ರಯೋಗ ಕ್ರಮೇಣ ಕುಗ್ಗಿತು. ಲಕ್ಷ್ಮೀ ಆಶ್ರಮವೂ ಸಣ್ಣ ಸಂಸ್ಥೆಯೇ. ಒಂದು ಆಶ್ರಮದಿಂದ ಒಂದು ನಾಡಿನ ಶಿಕ್ಷಣದ ಸಮಸ್ಯೆ ತೀರುವುದಿಲ್ಲ.

ಆದರೂ ಆಕ್ಷೇಪಕ್ಕೆ ಆ ಆಶ್ರಮವು ಕೊಟ್ಟ ಉತ್ತರ ಅದರ ಹೆಣ್ಣುಮಕ್ಕಳಲ್ಲಿಯೇ ದೊರೆಯುತ್ತದೆ. ೧೯೫೧ರಲ್ಲಿ ಹದಿಹರೆಯದಲ್ಲೇ ಮನೆ ಬಿಟ್ಟು ಬಂದು ಸೇರಿದ ರಾಧಾ ಭಟ್ಟರ ಕೈಗೆ ೧೯೬೬ರಲ್ಲಿ ಸಂಸ್ಥೆಯ ಹೊಣೆ ಬಂದಿತು. ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಸಂದಿತು. ಇಲ್ಲಿಯೇ ಬೆಳೆದ ವಿಮಲಾ ೧೯೫೬ರಲ್ಲಿ ಸುಂದರಲಾಲ ಬಹುಗುಣರನ್ನು ವಿವಾಹವಾಗುವಾಗ ಒಂದು ನಿಬಂಧನೆ ಹಾಕಿದರು: ಪಕ್ಷರಾಜಕೀಯವನ್ನು ಬಿಟ್ಟು ಹಳ್ಳಿಯಲ್ಲಿ ನೆಲೆಸಬೇಕು. ಬಹುಗುಣರು ಒಪ್ಪಿದರು; ಸಿಲ್ಯಾರಾ ಗ್ರಾಮದಲ್ಲಿ ದಂಪತಿಗಳು ಆಶ್ರಮ ಹೂಡಿದರು. ವರನಿಗೆ ನಿಬಂಧನೆ ಹಾಕುವ ಧೈರ್ಯವನ್ನು ಯಾವ ಪಠ್ಯಪುಸ್ತಕ ಕಲಿಸೀತು? ೧೯೭೩ರಿಂದ ಹಬ್ಬಿದ ಚಿಪ್ಕೊ ಚಳವಳಿಯಲ್ಲಿ ಈ ದಂಪತಿಗಳ ಪಾತ್ರ ಸರ್ವವಿದಿತ. ಬಹುಗುಣರ ಪ್ರೇರಣೆ ಪಡೆದ ಪಾಂಡುರಂಗ ಹೆಗಡೆಯವರ ಮುಂದಾಳುತನದಲ್ಲಿ ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡರು. ಕನ್ನಡದಲ್ಲಿ ಅದು ‘ಅಪ್ಪಿಕೊ’ ಎನಿಸಿತು. ಮೂವರು ಹುಡುಗಿಯರಿಂದ ಮೊದಲಾದ ಶಾಲೆಯ ಎಳೆಯೊಂದು ಹೀಗೆ ನಮ್ಮ ಮಲೆನಾಡಿನವರೆಗೂ ಬಂದು ಮುಟ್ಟಿದೆ.

ಹೊಣೆಯನ್ನು ಸ್ಥಳೀಯರಿಗೆ ಒಪ್ಪಿಸಿದುದನ್ನು ನಾವು ಸಾಮಾನ್ಯ ಸಂಗತಿಯೆಂದು ಎಣಿಸುವುದಿಲ್ಲ. ಪರದೇಶದ ಸೇವಕರು ಕಟ್ಟಿದ ಸಂಸ್ಥೆ ಅವರೊಡನೆಯೇ ಮುಗಿದುಹೋಗುವುದು ಹೆಚ್ಚು. ಇಂದು ಎರಡು ವಾರಕ್ಕೋ ಒಂದು ತಿಂಗಳಿಗೋ ಅನ್ಯದೇಶದ ಮಕ್ಕಳ ನಡುವೆ ಸೇವೆ ಮಾಡಿಬರುವ ಏರ್ಪಾಡುಗಳು ಲೋಕದಲ್ಲೆಲ್ಲ ಬೆಳೆದಿವೆ. ಹೋಗುವವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಮಕ್ಕಳ ಮಾತು ಕಿವಿಗೆ ಹತ್ತುವ ಮೊದಲೇ ಹಿಂದಿರುಗುವ ಸೇವೆಯಲ್ಲಿ ಕಲಿಯುವುದು ಯಾರು, ಕಲಿಸುವುದು ಯಾರು? ಸರಳಾ ಬೆಹೆನ್ ಈ ನಾಡಿನಲ್ಲಿ ಐವತ್ತು ವರ್ಷ ಇದ್ದರು. ೧೯೮೨ರ ಜುಲೈಯಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದದ್ದು ಅದೇ ಲಕ್ಷ್ಮೀ ಆಶ್ರಮದ ನೆಲದಲ್ಲಿ.

ಗಡಿನಾಡಿನ ಅಧ್ಯಾಪಕರಾದ ನಮಗೆ ಈ ಚರಿತ್ರೆ ದೂರದ್ದಲ್ಲ. ಮನೆಯ ಮಾತು ಒಂದು, ಬೀದಿಯ ಮಾತು ಒಂದು, ಸರ್ಕಾರದ ಮಾತು ಮತ್ತೊಂದು ಆಗಿರುವ ಮಗು ನಮ್ಮ ಮುಂದೆ ಪ್ರತಿದಿನವೂ ಕುಳಿತುಕೊಳ್ಳುತ್ತದೆ. ತನ್ನ ಊರಿನ ಶಾಲೆಯಲ್ಲಿಯೇ ಅದು ಪರಕೀಯವಾಗುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಮ್ಮ ದಿನಚರಿಯನ್ನು ಅವಲಂಬಿಸಿದೆ. ನಮ್ಮ ಹಳ್ಳಿಗಳಿಗೂ ದೂರದಿಂದ ಬಂದು, ಊರವರ ನುಡಿಯನ್ನು ಕಲಿತು, ಹುಡುಗರೊಡನೆ ಉಂಡು ಮಲಗಿ, ಹೆಸರಿಲ್ಲದೆ ಹೋದ ಅಧ್ಯಾಪಕರು ಇದ್ದರು. ಅವರ ಗುರುತು ಹಳೆಯ ಹಾಜರಿ ಪುಸ್ತಕಗಳಲ್ಲಿಯೂ ಮುದುಕರ ನೆನಪಿನಲ್ಲಿಯೂ ಇನ್ನೂ ಉಳಿದಿದೆ. ಪುಸ್ತಕಕ್ಕೆ ಗೆದ್ದಲು ಹಿಡಿಯುವ ಮುನ್ನ, ನೆನಪುಳ್ಳವರು ಇಲ್ಲವಾಗುವ ಮುನ್ನ, ಒಬ್ಬೊಬ್ಬ ಅಧ್ಯಾಪಕರು ತಮ್ಮ ತಮ್ಮ ಊರಿನ ಒಂದೊಂದು ಶಾಲೆಯ ದಿನಚರಿಯನ್ನಾದರೂ ಸಂಗ್ರಹಿಸಿ ಬರೆದಿಟ್ಟರೆ, ಕೌಸಾನಿಯ ಕಥೆಯನ್ನು ಓದಿದ್ದು ಸಾರ್ಥಕವಾದೀತು.