ಪುಕ್ಕಟೆ ಲೆಕ್ಕಕ್ಕೂ ಒಡೆಯರುಂಟು

ಕರೋಲ್ ಬಾಗಿಗೆ ಬಂದು ಇಪ್ಪತ್ತೇಳು ವರ್ಷವಾಯ್ತು. ಪಕ್ಕದಲ್ಲೇ ಪೂಸಾ ಕ್ಯಾಂಪಸ್ಸು. ಮಗಳು ಅಲ್ಲಿ ಕೃಷಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಳೆ. ಮೊನ್ನೆ ಅವಳು ಪ್ರಬಂಧದ ಕೊನೆಗೆ ಬಳಸಿದ ತಂತ್ರಾಂಶಗಳನ್ನೆಲ್ಲ ಅವನ್ನು ಬರೆದವರ ಹೆಸರಿನ ಸಮೇತ ಪಟ್ಟಿ ಮಾಡುತ್ತಿದ್ದಳು. "ಪುಕ್ಕಟೆ ಸಿಕ್ಕಿದ್ದಕ್ಕೂ ಇಷ್ಟು ಉಪಚಾರವೇನೇ?" ಅಂದೆ. "ಪುಕ್ಕಟೆ ಅಂದ್ರೆ ಯಾರೂ ಮಾಡಿಲ್ಲ ಅಂತಾನಾ ಅಪ್ಪಾ?" ಅಂದಳು. ನನ್ನ ಬಾಯಿ ಕಟ್ಟಿತು. ಕೂತು ಓದಿದೆ.

ಅವಳು ಬಳಸುವುದು 'ಆರ್' ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕಾ, ರಾಬರ್ಟ್ ಜೆಂಟಲ್‌ಮನ್ ಶುರು ಮಾಡಿದ್ದು. 1995ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಲೋಕದ ಮೂಲೆ ಮೂಲೆಯವರು ತಮತಮಗೆ ಬೇಕಾದ ಲೆಕ್ಕಕ್ಕೆ ಪುಟ್ಟ ಪ್ಯಾಕೇಜು ಬರೆದು ಇದಕ್ಕೆ ಸೇರಿಸತೊಡಗಿದರು. ಅವನ್ನೆಲ್ಲ ಒಂದೆಡೆ ಇಡಲು 1997ರಲ್ಲಿ ವಿಯೆನ್ನಾದ ಕುರ್ಟ್ ಹಾರ್ನಿಕ್, ಫ್ರೀಡ್ರಿಶ್ ಲೈಶ್ 'ಕ್ರಾನ್' ಎಂಬ ಭಂಡಾರ ತೆರೆದರು. ಆಗ 12 ಪ್ಯಾಕೇಜು. ಈಗ 20 ಸಾವಿರಕ್ಕೂ ಹೆಚ್ಚು!

ಅಲ್ಲಿನ ಶಿಸ್ತು ನಮ್ಮ ಬ್ಯಾಂಕಿನ ವೋಚರಿನಂತೆಯೇ. ಬರೆದವರು ಯಾರು, ಕೈಜೋಡಿಸಿದವರು ಯಾರು, ಹಕ್ಕು ಯಾರದು, ತಪ್ಪಾದರೆ ಉತ್ತರ ಕೊಡುವವರು ಯಾರು, ಎಲ್ಲಕ್ಕೂ ಗುರುತು. ಉತ್ತರ ಕೊಡಲು ಒಬ್ಬ ಮನುಷ್ಯನೇ ಬೇಕು. ತಪ್ಪು ತಿದ್ದದಿದ್ದರೆ ಪ್ಯಾಕೇಜನ್ನು ಹಳೆಯ ಕಡತಗಳ ಕೋಣೆಗೆ ಸರಿಸುತ್ತಾರೆ, ಬಿಸಾಡುವುದಿಲ್ಲ.

ನಮ್ಮ ದೆಹಲಿಯವರೂ ಇದರಲ್ಲಿದ್ದಾರೆ. ನಕ್ಷೆ ಬಿಡಿಸುವ 'ಲ್ಯಾಟಿಸ್' ಪ್ಯಾಕೇಜು ಬರೆದ ದೀಪಾಯನ್ ಸರ್ಕಾರ್ ಅದಕ್ಕಾಗಿ 2004ರಲ್ಲಿ ಅಮೆರಿಕದಲ್ಲಿ ಜಾನ್ ಚೇಂಬರ್ಸ್ ಪ್ರಶಸ್ತಿ ಪಡೆದು, ಮುಂದೆ ಇಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಸೇರಿದರು. ಪೂಸಾದಲ್ಲೇ ಇರುವ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ವಿಜ್ಞಾನಿಗಳದ್ದು 'ಆಗ್ಮೆಂಟೆಡ್ ಆರ್‌ಸಿಬಿಡಿ', 2018ರದ್ದು. ಹೊಸ ತಳಿಯ ಬೀಜ ಹಿಡಿಯಷ್ಟೇ ಇದ್ದಾಗ ಅದನ್ನು ಒಂದೇ ಸಲ ಬಿತ್ತಿ, ಗೊತ್ತಿರುವ ತಳಿಯನ್ನು ಪ್ರತಿ ಪಟ್ಟಿಯಲ್ಲೂ ಬಿತ್ತಿ ಹೋಲಿಸುವ ಲೆಕ್ಕ ಅದು. ಉಪಾಯ ಅಮೆರಿಕದ ಫೆಡರರ್ ಅವರದು, 1956ರದ್ದು. ಪ್ಯಾಕೇಜಿನಲ್ಲಿ ಅವರ ಹೆಸರೂ ಉಂಟು. ಹಕ್ಕು ಸಂಸ್ಥೆಯದು, ಆದರೆ ಬರೆದ ನೌಕರರ ಹೆಸರು ಬೇರೆಯಾಗಿಯೇ ಇದೆ. ಸಂಬಳ ಕೊಟ್ಟೆವೆಂದು ಹೆಸರು ಅಳಿಸಿಲ್ಲ.

ಅಲ್ಲೇ ನನಗೆ ಚುಚ್ಚಿದ್ದು. 2001ರಲ್ಲಿ ನಮ್ಮ ಶಾಖೆಯ ಗುಮಾಸ್ತರೊಬ್ಬರು ಸಂಜೆ ಸಂಜೆ ಕೂತು ಬಡ್ಡಿ ಲೆಕ್ಕದ ಎಕ್ಸೆಲ್ ಹಾಳೆ ಮಾಡಿದ್ದರು. ಮೇಲಿನವರು ಹೊಗಳಿದಾಗ ನಾನು "ನಮ್ಮ ಶಾಖೆಯದ್ದು ಸಾರ್" ಅಂದು ಸುಮ್ಮನಾದೆ. ಹಾಳೆ ಹತ್ತಾರು ಶಾಖೆಗೆ ಹೋಯಿತು. ಅವರು ನಿವೃತ್ತರಾದ ಮೇಲೆ ಬಡ್ಡಿ ದರ ಬದಲಾಗಿ ಹಾಳೆ ತಪ್ಪು ಮೊತ್ತ ತೋರಿಸಿತು. ಯಾರನ್ನು ಕೇಳಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ನನಗೊಬ್ಬನಿಗೆ ಬಿಟ್ಟು. ಆಗಲೂ ಬಾಯಿ ಬಿಡಲಿಲ್ಲ.

ಕಳೆದ ಭಾನುವಾರ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು, "ಆ ತಪ್ಪು ಯಾವ ಸಾಲಿನಲ್ಲಿತ್ತು?"