ಎಂಜಿನ್ನಿನ ಒಳಗಿನ ದೂತರು

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ನಿಂತರೆ, ಶಾಲೆಗೆ ಮಕ್ಕಳನ್ನು ತುಂಬಿಕೊಂಡು ಹೊರಟ ವ್ಯಾನುಗಳು ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ‘ಕೆಎ 02’ ಫಲಕ ಹೊತ್ತ, ಹತ್ತು ಹದಿನೈದು ವರ್ಷ ದುಡಿದ ಗಾಡಿಗಳೂ ಅವುಗಳಲ್ಲಿರುತ್ತವೆ. ಅಂಥದ್ದೊಂದರ ಮೀಟರ್ ಬೋರ್ಡಿನಲ್ಲಿ ಒಂದು ದಿನ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡು ಆರದೇ ಉಳಿಯುತ್ತದೆ. ಗ್ಯಾರೇಜಿಗೆ ಹೋದ ಚಾಲಕ ಕೇಳುವ ಮೊದಲ ಪ್ರಶ್ನೆ: ‘ಯಾವ ಸೆನ್ಸರ್ ಹೋಗಿದೆ?’

ಪ್ರಶ್ನೆ ಸಹಜವೇ. ಆದರೆ ಅರ್ಧ ತಪ್ಪು. ಏಕೆಂದು ತಿಳಿಯಲು ಈ ದೀಪ ನಮ್ಮ ಬೀದಿಗೆ ಬಂದ ಕಥೆಯನ್ನು ತಿಳಿಯಬೇಕು.

ಮಾರುತಿ ವ್ಯಾನ್ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. 1988ರಲ್ಲಿ ಅದಕ್ಕೆ ‘ಓಮ್ನಿ’ ಎಂಬ ಹೆಸರು ಬಂತು. ಆಗ ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಕೆಲಸ ಕಾರ್ಬೊರೇಟರಿನದು. ಗಾಡಿ ಎಳೆಯದಿದ್ದರೆ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತುದಿ ನೋಡುತ್ತಿದ್ದ. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಕಂದು ಬಣ್ಣವಿದ್ದರೆ ಸರಿ. ಕಿವಿಗೊಟ್ಟು ಎಂಜಿನ್ನಿನ ಸದ್ದು ಕೇಳಿ, ಹೊಗೆಯ ವಾಸನೆ ಹಿಡಿದು, ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಟ್ಯೂನಿಂಗ್ ಮುಗಿಯುತ್ತಿತ್ತು. ಅಂದಿನ ಸೆನ್ಸರುಗಳು ಮೆಕ್ಯಾನಿಕ್‌ನ ಕಣ್ಣು, ಕಿವಿ, ಮೂಗುಗಳೇ ಆಗಿದ್ದವು.

ಈ ವ್ಯವಸ್ಥೆ ಬದಲಾದದ್ದು ಚಾಲಕರ ಅನುಕೂಲಕ್ಕಾಗಿ ಅಲ್ಲ. ಜನ ಉಸಿರಾಡುವ ಗಾಳಿಗಾಗಿ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಹೊಗೆಮಂಜಿಗೆ ವಾಹನಗಳ ಹೊಗೆಯೇ ಮುಖ್ಯ ಕಾರಣವೆಂದು ಆರಿ ಹಾಗನ್‌ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಹೊಗೆಯ ವಿಷವನ್ನು ಸೈಲೆನ್ಸರಿನ ದಾರಿಯಲ್ಲೇ ಕಳೆಯುವ ಕೆಟಲಿಟಿಕ್ ಕನ್ವರ್ಟರ್ ಅನಂತರ ಬಂತು. ಆದರೆ ಅದು ಚೆನ್ನಾಗಿ ಕೆಲಸ ಮಾಡಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೆರೆಯಬೇಕು. ಈ ಲೆಕ್ಕವನ್ನು ಕ್ಷಣಕ್ಷಣವೂ ಕಾಯುವುದು ಕಾರ್ಬೊರೇಟರಿಗೆ ಆಗದ ಮಾತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ತಿಳಿಸುವ ಸೆನ್ಸರನ್ನು ಜರ್ಮನಿಯ ಬಾಷ್ ಕಂಪನಿ 1976ರಲ್ಲಿ ತಂದಿತು. ಮೊದಲು ಅಳವಟ್ಟದ್ದು ವೋಲ್ವೊ ಕಾರಿಗೆ. ಇದೇ ಬಾಷ್‌ನ ನಂಟಿನಿಂದ 1951ರಲ್ಲಿ ಸ್ಥಾಪನೆಯಾದದ್ದು ಬೆಂಗಳೂರಿನ ಜನ ‘ಮೈಕೋ’ ಎಂದು ಕರೆಯುತ್ತಿದ್ದ ಆಡುಗೋಡಿಯ ಕಾರ್ಖಾನೆ.

ಸೆನ್ಸರ್ ಕೆಟ್ಟರೆ ಯಾರಿಗೆ ತಿಳಿಯಬೇಕು? ಗಾಡಿಯೇ ತನ್ನ ದೋಷವನ್ನು ತಾನೇ ಹೇಳಿಕೊಳ್ಳಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ 1988ರ ಮಾದರಿಗಳಿಂದ ವಿಧಿಸಿತು. 1996ರಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಬಗೆಯ ದೋಷಸಂಕೇತಗಳು ಬಂದವು.

ಭಾರತದಲ್ಲಿ ಪೆಟ್ರೋಲ್ ವಾಹನಗಳಿಗೆ ಮೊದಲ ಹೊಗೆ ನಿಯಮ ಬಂದದ್ದು 1991ರಲ್ಲಿ. ಸೀಸದ ಅಂಶ ಕನ್ವರ್ಟರನ್ನೂ ಆಮ್ಲಜನಕದ ಸೆನ್ಸರನ್ನೂ ಹಾಳುಮಾಡುತ್ತದೆ. ಆದ್ದರಿಂದ ಮೊದಲು ಪೆಟ್ರೋಲೇ ಶುದ್ಧವಾಗಬೇಕಿತ್ತು. 1995ರಲ್ಲಿ ನಾಲ್ಕು ಮಹಾನಗರಗಳಿಗೆ, 2000ದ ಫೆಬ್ರುವರಿಯಲ್ಲಿ ಇಡೀ ದೇಶಕ್ಕೆ ಸೀಸರಹಿತ ಪೆಟ್ರೋಲ್ ಬಂತು. ಅದೇ ಹೊತ್ತಿಗೆ ಕಾರುಗಳಲ್ಲಿ ಕಾರ್ಬೊರೇಟರಿನ ಜಾಗವನ್ನು ಕಂಪ್ಯೂಟರ್ ನಿಯಂತ್ರಿಸುವ ಎಂಪಿಎಫ್‌ಐ ಆಕ್ರಮಿಸಿತು. ಓಮ್ನಿಯೂ ಇದಕ್ಕೆ ಹೊರತಾಗಲಿಲ್ಲ. 2010ರಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಭಾರತ್ ಸ್ಟೇಜ್ 4 ನಿಯಮ ಬಂದಾಗ ಗಾಡಿಯ ಸ್ವಯಂತಪಾಸಣೆ ಕಡ್ಡಾಯವಾಯಿತು. 2013ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯಲ್ಲೂ ಇದೇ ಬದಲಾವಣೆ ನಡೆಯಿತು. ಅಲ್ಲಿಯ ಟೊಯೋಟಾ ಕಾರ್ಖಾನೆ 2000ದಲ್ಲಿ ಹೊರತಂದ ಕ್ವಾಲಿಸ್‌ನ ಡೀಸೆಲ್ ಪಂಪು ಹಳೆಯ ಯಾಂತ್ರಿಕ ಪದ್ಧತಿಯದು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ ಡೀಸೆಲ್ ಎಂಜಿನ್ ಮಾತ್ರ ಕಂಪ್ಯೂಟರಿನ ಅಪ್ಪಣೆಯಿಲ್ಲದೆ ಒಂದು ಹನಿ ಡೀಸೆಲನ್ನೂ ಸಿಲಿಂಡರಿಗೆ ಬಿಡದು. ಐದೇ ವರ್ಷದಲ್ಲಿ ಸ್ಪಾನರಿನ ವಿದ್ಯೆಯ ಜತೆಗೆ ವೈರಿನ ವಿದ್ಯೆಯೂ ಬೇಕಾಯಿತು.

ಇನ್ನು ಆ ಹಳದಿ ದೀಪಕ್ಕೆ ಬರೋಣ. ಕಂಪ್ಯೂಟರಿಗೆ ಕಣ್ಣಿಲ್ಲ. ಸೆನ್ಸರುಗಳು ಕಳಿಸುವ ವಿದ್ಯುತ್ತಿನ ಏರಿಳಿತವಷ್ಟೇ ಅದಕ್ಕೆ ಗೊತ್ತು. ಎಂಜಿನ್ನಿನ ಶಾಖ ಹೇಳುವ ಸೆನ್ಸರ್ ಬಿಸಿಯಾದಂತೆ ಅದರ ವಿದ್ಯುತ್ ತಡೆ ಇಳಿಯುತ್ತದೆ. ಸಾಮಾನ್ಯ ಬಗೆಯದರಲ್ಲಿ 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದದ್ದು 80 ಡಿಗ್ರಿಗೆ 300ರ ಆಸುಪಾಸಿಗೆ ಬರುತ್ತದೆ. ಅದರ ವೈರು ತುಂಡಾದರೆ ತಡೆ ಮಿತಿಮೀರುತ್ತದೆ; ಎಂಜಿನ್ ಹಿಮದಂತೆ ತಣ್ಣಗಿದೆ ಎಂದೇ ಅದರ ಅರ್ಥ. ಅದನ್ನು ನಂಬಿದ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ, ಇಲ್ಲವೇ ಲೆಕ್ಕ ಕೂಡುತ್ತಿಲ್ಲವೆಂದು ದೀಪ ಹಚ್ಚುತ್ತದೆ. ಸೆನ್ಸರ್ ಸರಿಯಾಗಿಯೇ ಇರಬಹುದು. ಇಲಿ ಕಡಿದ ವೈರು, ಸಡಿಲವಾದ ಕನೆಕ್ಟರ್, ತುಕ್ಕು ಹಿಡಿದ ಅರ್ಥ್ ದೋಷಿಯಾಗಿರಬಹುದು.

ಸ್ಕ್ಯಾನರ್ ತೋರಿಸುವ ಸಂಕೇತ ದೂರು ಮಾತ್ರ, ತೀರ್ಪಲ್ಲ. ‘ಪಿ0171’ ಎಂಬ ಸಂಕೇತವನ್ನೇ ನೋಡಿ. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂಬುದಷ್ಟೇ ಅದರ ಅರ್ಥ. ಈ ಸುದ್ದಿ ತಂದದ್ದು ಆಮ್ಲಜನಕದ ಸೆನ್ಸರ್. ಬಿರುಕು ಬಿಟ್ಟ ರಬ್ಬರ್ ಪೈಪು, ಸೋತ ಪೆಟ್ರೋಲ್ ಪಂಪು, ಸೆನ್ಸರಿಗಿಂತ ಮೊದಲೇ ಸೋರುವ ಸೈಲೆನ್ಸರ್ ಪೈಪು ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಆದರೆ ಅವಸರದಲ್ಲಿ ಬಿಚ್ಚಿ ಎಸೆಯುವುದು ಸುದ್ದಿ ತಂದ ಸೆನ್ಸರನ್ನೇ. ದೂತನನ್ನು ಕೊಲ್ಲಬಾರದೆಂದು ವಿಭೀಷಣ ರಾವಣನಿಗೆ ಹೇಳಿದ ಬುದ್ಧಿವಾದ ಇಲ್ಲಿಗೂ ಒಪ್ಪುತ್ತದೆ.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಮೊದಲು ಸಂಕೇತ ಬರೆದಿಟ್ಟುಕೊಳ್ಳುತ್ತಾನೆ. ಬಳಿಕ ವೈರು, ಪೈಪು, ಕನೆಕ್ಟರ್ ನೋಡಿ, ಮಲ್ಟಿಮೀಟರ್ ಹಿಡಿದು ಅಳೆಯುತ್ತಾನೆ. ಬಿಸಿಯಾದ ಆಮ್ಲಜನಕದ ಸೆನ್ಸರಿನ ಸಂದೇಶ ಹೆಚ್ಚುಕಡಿಮೆ 0.1ರಿಂದ 0.9 ವೋಲ್ಟಿನ ನಡುವೆ ತೂಗಾಡುತ್ತಿರಬೇಕು. ಬೇಕೆಂದೇ ಮಿಶ್ರಣವನ್ನು ಬದಲಿಸಿದಾಗಲೂ ಅದು ಒಂದೇ ಕಡೆ ನಿಂತಿದ್ದರೆ ಆಗ ಸೆನ್ಸರನ್ನು ಶಂಕಿಸಬಹುದು. ಬದಲಿಸುವಾಗಲೂ ಎಚ್ಚರ ಬೇಕು. ಆಮ್ಲಜನಕದ ಸೆನ್ಸರಿನ ತುದಿಗೆ ಗ್ರೀಸು, ಎಣ್ಣೆ ತಾಗಬಾರದು. ಶಾಖದ ಸೆನ್ಸರನ್ನು ಎಂಜಿನ್ ಪೂರ್ತಿ ಆರಿದ ಮೇಲೆಯೇ ಬಿಚ್ಚಬೇಕು. ಇಲ್ಲದಿದ್ದರೆ ಕುದಿನೀರು ಮೈಮೇಲೆ ಚಿಮ್ಮುತ್ತದೆ. ಕೊನೆಗೆ ಸಂಕೇತ ಅಳಿಸಿ, ಗಾಡಿ ಓಡಿಸಿ, ದೀಪ ಮರಳಿ ಹತ್ತುವುದೇ ಎಂದು ನೋಡಬೇಕು.

ಇಷ್ಟು ತಾಳ್ಮೆಗೆ ಬೆಲೆಯಿದೆ. ವ್ಯಾನನ್ನೇ ನಂಬಿ ಬದುಕುವವನಿಗೆ ಬೇಡದ ಸೆನ್ಸರಿನ ಖರ್ಚು ಹಲವು ದಿನಗಳ ದುಡಿಮೆ. ಹಾಗೆಂದು ದೀಪದ ಮೇಲೆ ಟೇಪು ಅಂಟಿಸಿ ಓಡಿಸಿದರೆ ನಷ್ಟ ಇನ್ನೂ ದೊಡ್ಡದು. ಸಿಲಿಂಡರಿನಲ್ಲಿ ಸುಡದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದರೆ ಅದೇ ಕರಗಿಹೋಗುತ್ತದೆ. ಹೊಗೆ ತಪಾಸಣೆಯಲ್ಲಿ ಕಾರ್ಬೊರೇಟರ್ ಕಾಲದ ಕಾರುಗಳಿಗೆ ಶೇಕಡಾ 3ರಷ್ಟು ಕಾರ್ಬನ್ ಮಾನಾಕ್ಸೈಡ್ ಸಲ್ಲುತ್ತಿತ್ತು; ಭಾರತ್ ಸ್ಟೇಜ್ 4ರ ಕಾರಿಗೆ ಮಿತಿ 0.3. ಈ ಹತ್ತು ಪಟ್ಟು ಅಂತರವನ್ನು ಕಾಯುತ್ತಿರುವುದು ಆ ಪುಟ್ಟ ಸೆನ್ಸರುಗಳೇ.

ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಮಾರಿದ ಗಾಡಿಗಳ ದುಡಿಮೆ ಅಂದಿಗೇ ನಿಲ್ಲಲಿಲ್ಲ. ಪ್ಲಗ್ಗಿನ ಬಣ್ಣ ನೋಡಿ ರೋಗ ಹೇಳುತ್ತಿದ್ದವನ ವಿದ್ಯೆಯೂ ಸ್ಕ್ಯಾನರ್ ಬಂದ ಮಾತ್ರಕ್ಕೆ ಹಳತಾಗಲಿಲ್ಲ. ಹಾಗಾಗಿ ಗ್ಯಾರೇಜಿನಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವ ಸೆನ್ಸರ್ ಹೋಗಿದೆ?’ ಎಂಬುದಲ್ಲ, ‘ಸೆನ್ಸರ್ ಏನು ಹೇಳುತ್ತಿದೆ?’ ಎಂಬುದು. ಆ ವ್ಯಾನಿನ ಹಿಂದಿನ ಹೊಗೆಯನ್ನು ಕುಡಿಯುವವರು ಅದೇ ಬೀದಿಯ ಮಕ್ಕಳು.